ಯಾರ ಸಸ್ಯಾಹಾರ?

ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂಬ ಜಗಳ ನಮ್ಮ ರಾಜ್ಯದಲ್ಲಿ ವರ್ಷಗಳಿಂದ ಹೊಗೆಯಾಡುತ್ತಲೇ ಬಂದಿದೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ 7 ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ ಕೊಡಲು ಸರ್ಕಾರ ತೊಡಗಿದಾಗ ಕೆಲವು ಮಠಾಧೀಶರು ಪ್ರತಿಭಟನೆಗೆ ನಿಂತರು. ಅನಂತರ ಅದು ರಾಜ್ಯಕ್ಕೆಲ್ಲ ಹಬ್ಬಿತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣವೂ ಸೇರಿ ವಾರಕ್ಕೆ 6 ದಿನ ಮೊಟ್ಟೆ ಕೊಡುವ ಏರ್ಪಾಡಾಯಿತು. ಇಷ್ಟಾದ ಮೇಲೂ 2025ರ ಜುಲೈಯಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಶಾಲೆಯೊಳಗೆ ಮೊಟ್ಟೆ ಬೇಯಿಸಿದರೆಂದು ಅನೇಕ ತಂದೆತಾಯಿಗಳು ಮಕ್ಕಳ ವರ್ಗಾವಣೆ ಪತ್ರ ಕೇಳಿದರು.

ಜಗಳ ನಡೆದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ಮಾಂಸ ಮೊಟ್ಟೆ ಮುಟ್ಟದ ಊಟದಿಂದ ದೇಹಕ್ಕೆ ಬೇಕಾದದ್ದೆಲ್ಲ ಸಿಕ್ಕೀತೇ? ಸಿಕ್ಕುತ್ತದೆ ಎನ್ನುವವರು ಆನೆಯನ್ನು ತೋರಿಸುತ್ತಾರೆ. ಹುಲ್ಲು ಸೊಪ್ಪು ತಿಂದೇ ಅಷ್ಟು ಬಲವಲ್ಲವೇ ಎನ್ನುತ್ತಾರೆ. ಆನೆ ದಿನಕ್ಕೆ 16-18 ಗಂಟೆ ತಿನ್ನುತ್ತಲೇ ಇರುತ್ತದೆಂಬುದನ್ನು ಅವರು ಹೇಳುವುದಿಲ್ಲ. ನಮ್ಮ ಗಿರಣಿಯ ಕಾರ್ಮಿಕನಿಗೆ ಊಟಕ್ಕೆ ಬಿಡುವು ಅರ್ಧ ಗಂಟೆ. ಸಿಕ್ಕುವುದಿಲ್ಲ ಎನ್ನುವವರು, ಮಾಂಸ ತಿನ್ನದವನ ಮೈಯಲ್ಲಿ ಕಸುವೇ ಇಲ್ಲವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ. ಎರಡೂ ಚಹದಂಗಡಿಯ ಮಾತು. ಎಲೆಯ ಮೇಲೆ ಏನು ಬೀಳುತ್ತದೆ, ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡುವವರು ಕಡಿಮೆ.

ಲೆಕ್ಕ ಕಷ್ಟದ್ದೇನಲ್ಲ. ಮೈಕಟ್ಟಿಗೆ ಬೇಕಾದ ಸಸಾರಜನಕ, ಅಂದರೆ ಪ್ರೋಟೀನು, 65 ಕಿಲೋ ತೂಕದ ಗಂಡಾಳಿಗೆ ದಿನಕ್ಕೆ 54 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಪಡಿಸಿದೆ. ಒಬ್ಬ ಕಾರ್ಮಿಕ ದಿನಕ್ಕೆ 400 ಗ್ರಾಂ ಅಕ್ಕಿ ರಾಗಿ ಉಂಡರೆ ಅದರಿಂದಲೇ ಸುಮಾರು 30 ಗ್ರಾಂ ಬಂತು. ಅದಕ್ಕೆ 80 ಗ್ರಾಂ ಬೇಳೆಯೋ ಹುರುಳಿಯೋ ಸೇರಿದರೆ ಇನ್ನು 18. ಒಂದು ಹಿಡಿ ಶೇಂಗಾ ಸೇರಿದರೆ ಮತ್ತೆ 6. ಕೂಡಿದರೆ 54. ಕಾಳುಕಡಿಯ ಸಸಾರಜನಕ ಹಾಲು ಮೊಟ್ಟೆಯದರಷ್ಟು ಪೂರ್ತಿಯಾಗಿ ಜೀರ್ಣವಾಗದೆ ಇರುವುದರಿಂದ ಇದರ ಮೇಲೆ ಒಂದು ಬಟ್ಟಲು ಮೊಸರಿದ್ದರೆ ಲೇಸು. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಬೇಳೆಕಾಳಿನಲ್ಲಿ ಹೇರಳವಾಗಿದೆ. ಬೇಳೆಯಲ್ಲಿ ಕಡಿಮೆ ಇರುವ ಇನ್ನೊಂದಂಶ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ತೊಗರಿ ಬೇಳೆ, ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ ಎಂದು ಜೋಡಿಸಿದ ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದಿದವರಲ್ಲ. ಆದರೂ ಅವರ ಜೋಡಣೆ ಶಾಸ್ತ್ರಕ್ಕೆ ಒಪ್ಪುವಂಥದೇ.

ಹಿಂದೆ 1960ರ ದಶಕದಲ್ಲಿ, ಬಡರಾಷ್ಟ್ರಗಳಲ್ಲಿ ಸಸಾರಜನಕದ ಮಹಾ ಕ್ಷಾಮವಿದೆಯೆಂದು ಲೋಕವೆಲ್ಲ ಗದ್ದಲವೆದ್ದಿತ್ತು. ಹೈದರಾಬಾದಿನ ಪೋಷಣ ಸಂಸ್ಥೆಯ ಸಿ. ಗೋಪಾಲನ್, ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಮೊದಲಾದವರು ಆ ಮಾತನ್ನು ಒಪ್ಪಲಿಲ್ಲ. ಭಾರತದ ಬಡವನ ಊಟದಲ್ಲಿರುವ ದೋಷ ಅದರ ಜಾತಿಯದಲ್ಲ, ಅಳತೆಯದು. ಧಾನ್ಯ ಬೇಳೆಗಳನ್ನು ಹೊಟ್ಟೆ ತುಂಬ ಉಂಡರೆ ಸಸಾರಜನಕ ತಾನಾಗಿ ಬರುತ್ತದೆ, ಹೊಟ್ಟೆಯೇ ತುಂಬದಿದ್ದರೆ ಉಂಡ ಸಸಾರಜನಕವೂ ಉರುವಲಾಗಿ ಸುಟ್ಟುಹೋಗುತ್ತದೆ ಎಂಬುದು ಅವರ ವಾದದ ಸಾರ. ಡಬ್ಬಿಯಲ್ಲಿ ಪುಡಿ ತುಂಬಿ ಮಾರುವ ಕಂಪನಿಗಳಿಗೆ ಈ ಮಾತು ಅಂದೂ ಹಿಡಿಸಿರಲಾರದು, ಇಂದೂ ಹಿಡಿಸುವುದಿಲ್ಲ.

ಸುಣ್ಣದಂಶಕ್ಕೂ ನಮ್ಮ ನಾಡಿನ ಸಸ್ಯಾಹಾರಿ ಹೆದರಬೇಕಾದದ್ದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವನ ಮನೆಗೆ ಬಿಳಿ ಅಕ್ಕಿ ಬಂದಾಗ ಅಂತಸ್ತು ಏರಿತೆಂದು ಆತ ಭಾವಿಸಿದ. ಎಲುಬಿನ ಲೆಕ್ಕದಲ್ಲಿ ಮಾತ್ರ ಅದು ನಷ್ಟದ ವ್ಯಾಪಾರ. ಕಣ್ಣಿಗೆ ಬೇಕಾದ ಎ ಜೀವಸತ್ವ ನುಗ್ಗೆ ಸೊಪ್ಪು, ಹರಿವೆ, ಪರಂಗಿ ಹಣ್ಣುಗಳಿಂದ ಸಿಕ್ಕುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ರಕ್ತದ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಈ ವಿದ್ಯೆಯ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದೇ ಗಿರಣಿ ಕಾರ್ಮಿಕರ ಮೈಮೇಲೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಬಸುರಿಯರಾದಾಗ ಒಂದು ಘೋರವಾದ ರಕ್ತಹೀನತೆ ಅವರನ್ನು ಹಿಡಿಯುತ್ತಿತ್ತು. ಮುಖ ಬಿಳಿಚಿ, ಉಸಿರು ಕಟ್ಟಿ, ಎಷ್ಟೋ ಜನ ಹೆರಿಗೆಗೆ ಮುಂಚೆಯೋ ಹೆರಿಗೆಯಲ್ಲಿಯೋ ಸಾಯುತ್ತಿದ್ದರು. ಇದು ಯಾವುದೋ ಕ್ರಿಮಿಯ ಕೆಲಸವಿರಬೇಕೆಂದು ಹುಡುಕಿ ನೋಡಿದರು, ಸಿಕ್ಕಲಿಲ್ಲ. ಆ ಹೆಂಗಸರು ಏನು ಉಣ್ಣುತ್ತಾರೆಂದು ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಸೊಪ್ಪಿಲ್ಲ, ಹಣ್ಣಿಲ್ಲ, ಕಾಯಿಪಲ್ಯ ಇಲ್ಲವೆನ್ನುವಷ್ಟು ಕಡಿಮೆ. ಹುದುಗಿನ ಸಾರದಿಂದ ಮಾಡಿದ, ಬ್ರೆಡ್ಡಿಗೆ ಹಚ್ಚಿ ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ಕೊಟ್ಟಾಗ ರೋಗಿಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. 1931ರಲ್ಲಿ ಲೂಸಿ ವಿಲ್ಸ್ ಇದನ್ನು ಪ್ರಕಟಿಸಿದರು. ಆ ಹುದುಗಿನಲ್ಲಿದ್ದ ವಸ್ತುವನ್ನೇ ಮುಂದೆ 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಭೀಮಾವರದಲ್ಲಿ ಹುಟ್ಟಿದ ನಮ್ಮವರೇ ಆದ ಯಲ್ಲಾಪ್ರಗಡ ಸುಬ್ಬರಾವ್, ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ತಮ್ಮ ಸಂಗಡಿಗರೊಂದಿಗೆ ಅದನ್ನು ಕೃತಕವಾಗಿ ತಯಾರಿಸಿ ತೋರಿಸಿದರು. ಇಂದು ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ.

ಬೊಂಬಾಯಿಯ ಆ ಹೆಂಗಸರನ್ನು ಕಾಡಿದ ರೋಗಕ್ಕೆ ಔಷಧ ಮಾಂಸದ ಅಂಗಡಿಯಲ್ಲಷ್ಟೇ ಇರಲಿಲ್ಲ, ಕಾಯಿಪಲ್ಯದ ಬುಟ್ಟಿಯಲ್ಲೂ ಇತ್ತು. ಸೊಪ್ಪು ಕಾಳು ತಿನ್ನುವ ಸಸ್ಯಾಹಾರಿ ಈ ಮಟ್ಟಿಗೆ ಭದ್ರ.

ಆದರೆ ಇದೇ ರಕ್ತಹೀನತೆಗೆ ಇನ್ನೊಬ್ಬ ಅವಳಿ ಸೋದರನಿದ್ದಾನೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಬ್ಬರದೂ ಒಂದೇ ಮುಖ. ಈತನ ಕಾರಣ ಬಿ-12 ಎಂಬ ಜೀವಸತ್ವದ ಕೊರತೆ. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಅಲ್ಲಿಯವರೆಗೆ ಸಾವೇ ಗತಿಯಾಗಿದ್ದ ಒಂದು ರಕ್ತಹೀನತೆಯನ್ನು ದನದ ಪಿತ್ತಜನಕಾಂಗ ತಿನ್ನಿಸಿ ಗುಣಪಡಿಸಿದರು. 1934ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಅದರಲ್ಲಿದ್ದ ಗುಣಕಾರಿ ವಸ್ತು ಕೆಂಪು ಹರಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ. ಇದನ್ನು ಗಿಡಮರಗಳು ತಯಾರಿಸುವುದಿಲ್ಲ. ಕೆಲವು ಸೂಕ್ಷ್ಮಾಣುಗಳು ಮಾತ್ರ ತಯಾರಿಸುತ್ತವೆ. ಅದು ನಮಗೆ ದೊರೆಯುವುದು ಮಾಂಸ, ಮೀನು, ಮೊಟ್ಟೆ, ಹಾಲುಗಳ ಮೂಲಕ. ಇಡ್ಲಿ ಹಿಟ್ಟು ಹುದುಗು ಬಂದಿದೆ, ಅದರಲ್ಲಿ ಬಿ-12 ಇದೆ ಎಂದು ಕೆಲವರು ಸಮಾಧಾನ ಹೇಳಿಕೊಳ್ಳುತ್ತಾರೆ. ಅದನ್ನು ನೆಚ್ಚುವಂತಿಲ್ಲ.

ಸಸ್ಯಾಹಾರದ ಗೋಡೆಯಲ್ಲಿ ನಿಜವಾದ ಬಿರುಕು ಇದೊಂದೇ. ನಮ್ಮ ಪೂರ್ವಿಕರು ಅದಕ್ಕೆ ಹಾಲು ಮಜ್ಜಿಗೆಯ ತೇಪೆ ಹಾಕಿದ್ದರು. ದೊಡ್ಡವರಿಗೆ ದಿನಕ್ಕೆ 2.2 ಮೈಕ್ರೊಗ್ರಾಂ ಬಿ-12 ಬೇಕು. ಅರ್ಧ ಲೀಟರಿನಷ್ಟು ಹಾಲು ಮೊಸರಿನಲ್ಲಿ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ದಿನಕ್ಕೆ ತಲೆಗೆ ಅರ್ಧ ಲೀಟರು! ನಮ್ಮ ಕೇರಿಯಲ್ಲಿ ಐದು ಜನರ ಮನೆಗೆ ಅರ್ಧ ಲೀಟರಿನ ಒಂದು ಪೊಟ್ಟಣ ಬರುತ್ತದೆ, ಅದೂ ಚಹಕ್ಕೆ. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದ ಮೇಲೆ ಎಷ್ಟು ಮನೆಗಳಲ್ಲಿ ಆ ಪೊಟ್ಟಣಕ್ಕೆ ನೀರು ಹೆಚ್ಚು ಬಿತ್ತೆಂಬುದನ್ನು ಯಾವ ಇಲಾಖೆಯೂ ಎಣಿಸುವುದಿಲ್ಲ. ಹಾಲನ್ನೂ ಬಿಟ್ಟು ಬದುಕುವ ವ್ರತ ಹಿಡಿದವರಿಗೆ ಬೆಂಗಳೂರಿನಲ್ಲಿ ವೀಗನ್ ಎಂಬ ಹೆಸರಿದೆ. ಅವರು ಓದಿದವರು, ಬಿ-12 ಮಾತ್ರೆ ನುಂಗಬೇಕೆಂದು ಅವರಿಗೆ ಗೊತ್ತು. ಬೆಲೆ ನೋಡಿಯೇ ಆ ವ್ರತ ಹಿಡಿದವರು ನಮ್ಮ ಕೇರಿಗಳಲ್ಲಿ ಎಷ್ಟೋ ಜನರಿದ್ದಾರೆ. ಅವರಿಗೆ ಹೆಸರೂ ಇಲ್ಲ, ಮಾತ್ರೆಯೂ ಇಲ್ಲ.

ಅಂಗಡಿಯ ಸ್ನೇಹಿತರು, ನಮ್ಮದು ಹಾಲು ತುಪ್ಪದ ಮನೆ, ನಮಗೇನು ಎಂದು ಇದನ್ನು ಓದಿ ಮಡಚಿಡಬಾರದು. ತುಪ್ಪದಲ್ಲಿ ಬಿ-12 ಇಲ್ಲವೆಂದೇ ಹೇಳಬೇಕು. ಪುಣೆಯಲ್ಲಿ ಮಧ್ಯವಯಸ್ಸಿನ 441 ಗಂಡಸರ ರಕ್ತ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಬಿ-12 ಕಡಿಮೆ ಇತ್ತು. ಪಟ್ಟಣದ ಮಧ್ಯಮ ವರ್ಗದವರಲ್ಲಿ ಕೊರತೆ ಇನ್ನೂ ಹೆಚ್ಚು. ಅವರು ಹಸಿದವರಲ್ಲ. ಪಿತ್ತಜನಕಾಂಗದಲ್ಲಿ ಈ ಜೀವಸತ್ವ ವರ್ಷಗಟ್ಟಲೆ ದಾಸ್ತಾನಿರುವುದರಿಂದ ಕೊರತೆ ಮೆಲ್ಲಗೆ ಬರುತ್ತದೆ, ದಿವಾಳಿ ಗೊತ್ತಾಗುವುದು ಉಗ್ರಾಣ ಬರಿದಾದ ಮೇಲೆ. ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ನಡೆಯುವಾಗ ಓಲಾಟ, ಮರೆವು, ಕಾರಣವಿಲ್ಲದ ಸುಸ್ತು ಕಂಡರೆ ವಯಸ್ಸಾಯಿತೆಂದು ಸುಮ್ಮನಾಗದೆ ರಕ್ತ ತೋರಿಸಬೇಕು. ಬರೀ ಫೋಲಿಕ್ ಮಾತ್ರೆ ತಿಂದರೆ ರಕ್ತ ಸರಿಹೋದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಬಿ-12 ಮಾತ್ರೆಯ ವಿಷಯದಲ್ಲಿ ಆಚಾರವಂತರಿಗೂ ಸಂಕೋಚ ಬೇಡ. ಅದರ ಸತ್ವವನ್ನು ಈಗ ಸೂಕ್ಷ್ಮಾಣುಗಳನ್ನು ತೊಟ್ಟಿಯಲ್ಲಿ ಬೆಳೆಸಿ ತೆಗೆಯುತ್ತಾರೆ, ಪ್ರಾಣಿಯಿಂದಲ್ಲ.

ಕಬ್ಬಿಣದಂಶದ ಕತೆಯೇ ಬೇರೆ. ಸೊಪ್ಪು ಕಾಳುಗಳಲ್ಲಿ ಅದು ಇದೆ. ಆದರೆ ಮಾಂಸದಲ್ಲಿರುವ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ನಿಂಬೆಹುಳಿ ಹಿಂಡಿಕೊಂಡರೆ, ನೆಲ್ಲಿಕಾಯಿ ಸೀಬೆಹಣ್ಣು ತಿಂದರೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಚಹ ಕುಡಿದರೆ ಚಹದಲ್ಲಿರುವ ಒಗರು ಅದನ್ನು ತಡೆದುಬಿಡುತ್ತದೆ. ಕ್ಯಾಂಟೀನಿನಲ್ಲಿ ಬುತ್ತಿ ಮುಚ್ಚುವುದಕ್ಕೆ ಮೊದಲೇ ಚಹದ ಲೋಟ ಎತ್ತುವ ನಮ್ಮ ಸಂಗಾತಿಗಳು ಇದನ್ನು ನೆನಪಿಡಲಿ. ಒಂದು ಗಂಟೆ ತಡೆದು ಕುಡಿದರೆ ಕಾಸು ಖರ್ಚಿಲ್ಲದೆ ಲಾಭ. ಕಾಳನ್ನು ಮೊಳಕೆ ಬರಿಸಿ ಬೇಯಿಸುವುದೂ ಇದೇ ದಾರಿಯ ಉಪಾಯ.

ಮಾಂಸಪಕ್ಷದವರಿಗೂ ಒಂದು ಮಾತು ಹೇಳದೆ ವಿಧಿಯಿಲ್ಲ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಾಲು ಮೊಸರಿನ ಸಸ್ಯಾಹಾರಕ್ಕೆ ಹೆಸರಾದ ಹರಿಯಾಣದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 60.4 ಮಂದಿಗೆ ರಕ್ತಹೀನತೆ. ಮೀನಿಲ್ಲದೆ ಊಟವೇ ಇಲ್ಲವೆನ್ನುವ ಪಶ್ಚಿಮ ಬಂಗಾಳದಲ್ಲಿ ಶೇಕಡ 71.4! ನಮ್ಮ ಕರ್ನಾಟಕದಲ್ಲಿ ಶೇಕಡ 47.8. ಮೀನಿನ ಸಾರು ಮನೆಯಲ್ಲಿ ಕುದಿಯುವುದು ಬೇರೆ, ಅದರ ತುಂಡು ಮನೆಯ ಹೆಂಗಸಿನ ತಟ್ಟೆಗೆ ಬೀಳುವುದು ಬೇರೆ. ಗಂಡಸರು ಮಕ್ಕಳು ಉಂಡಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅನ್ನಕ್ಕೆ ಕಲಸಿಕೊಂಡು ಎದ್ದುಹೋಗುವವಳು ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂದು ಕೇಳುವುದರಲ್ಲಿ ಏನರ್ಥ? ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕಾಗಿರುವುದು ಆಕೆಗೆ, ಆಕೆಯ ಗಂಡನಿಗೆ ಬೇಕಾದದ್ದು 19. ಹೆಚ್ಚು ಬೇಕಾದವಳು ಕೊನೆಗೆ ಉಣ್ಣುತ್ತಾಳೆ. ಇದಕ್ಕೆ ಸರ್ಕಾರವನ್ನು ದೂರುವಂತಿಲ್ಲ, ಸಂಘದ ಸದಸ್ಯರು ತಮ್ಮ ತಮ್ಮ ಮನೆಯಲ್ಲೇ ಇಂದು ರಾತ್ರಿ ಸರಿಪಡಿಸಬಹುದು.

ಸರ್ಕಾರವನ್ನು ದೂರಬೇಕಾದ ಸಂಗತಿಗಳು ಬೇರೆ ಇವೆ. ಮೇಲೆ ಹಾಕಿದ 54 ಗ್ರಾಂ ಲೆಕ್ಕದಲ್ಲಿ ತಲೆಗೆ 80 ಗ್ರಾಂ ಬೇಳೆ ಎಂದಿದ್ದೇವೆ. ಐದು ಜನರ ಸಂಸಾರಕ್ಕೆ ತಿಂಗಳಿಗೆ 12 ಕಿಲೋ ಆಯಿತು! ಅಷ್ಟು ಬೇಳೆ ಕೊಳ್ಳುವ ಕೂಲಿಯ ಮನೆ ಯಾವುದಿದೆ? ನೂರು ಗ್ರಾಂ ಬೇಳೆ ಹಾಕಿ ನೀರು ತುಂಬಿ ಹುಣಸೆಹುಳಿ ಖಾರದಲ್ಲಿ ಐದು ಜನ ಅನ್ನ ಮುಳುಗಿಸುತ್ತಾರೆ. ತಲೆಗೆ 20 ಗ್ರಾಂ ಬಿತ್ತು, ಅದರಲ್ಲಿ ಸಸಾರಜನಕ 4 ಗ್ರಾಂ ಚಿಲ್ಲರೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು ಹಸಿವನ್ನು ಹಿಮ್ಮೆಟ್ಟಿಸಿತು, ಅದನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಬರೀ ಅಕ್ಕಿಯಿಂದ ಹೊಟ್ಟೆ ತುಂಬಬಹುದು, ರಕ್ತ ತುಂಬದು. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ ಎಣ್ಣೆಗಳ ಪೊಟ್ಟಣ ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯದ ಮಂತ್ರಿಮಂಡಲ ಒಪ್ಪಿತು. ಈ ದಿಕ್ಕು ಸರಿಯಾದದ್ದು. ತೊಗರಿಯ ಕಣಜವೆನ್ನಿಸಿದ ಕಲಬುರಗಿ ನಮ್ಮ ರಾಜ್ಯದಲ್ಲಿಯೇ ಇರುವಾಗ, ಬೆಳೆದವನಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡು ನ್ಯಾಯಬೆಲೆ ಅಂಗಡಿಗೆ ಸಾಗಿಸುವುದು ಅಸಾಧ್ಯವೇನಲ್ಲ. ರಾಗಿ ಜೋಳಗಳನ್ನೂ ಜೊತೆಗೆ ಕೊಡಲಿ.

ಈಗ ಶಾಲೆಯ ಮೊಟ್ಟೆಗೆ ಮರಳೋಣ. ಕೇಂದ್ರದ 2014ರ ಮಾದರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐವರಲ್ಲಿ ಒಬ್ಬರು ಮಾತ್ರ ಸಸ್ಯಾಹಾರಿಗಳು. ಇನ್ನುಳಿದ ನಾಲ್ವರಲ್ಲಿ ಬಹುಮಂದಿ ಮಾಂಸ ಉಣ್ಣುವುದು ಹಬ್ಬಕ್ಕೋ ಭಾನುವಾರಕ್ಕೋ, ಕೈಯಲ್ಲಿ ಕಾಸಿದ್ದಾಗ. ಇವರ ಮಕ್ಕಳಿಗೆ ಹಾಲೂ ಕಡಿಮೆ, ಬೇಳೆಯೂ ಕಡಿಮೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಶೇಕಡ 65.5 ಮಕ್ಕಳಿಗೆ ರಕ್ತಹೀನತೆ. ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳಲ್ಲಿ ಕುಸಿದು ಕೂರುವವರು ಯಾರೆಂದು ಮೇಷ್ಟರ ಕೆಲಸ ಮಾಡಿದವರಿಗೆಲ್ಲ ಗೊತ್ತು, ನಾವೂ ಕೆಲವು ವರ್ಷ ಆ ಸಾಲಿನ ಮುಂದೆ ನಿಂತವರು. ಇಂಥ ಮಗುವಿಗೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಒಳ್ಳೆಯ ಸಸಾರಜನಕ, ಎ ಜೀವಸತ್ವ, ಮುಖ್ಯವಾಗಿ ಬಿ-12, ಎಲ್ಲವೂ ಒಂದೇ ಚಿಪ್ಪಿನಲ್ಲಿ ಬರುತ್ತವೆ. ಅಡಿಗೆಯವರು ಅದರಲ್ಲಿ ನೀರು ಬೆರೆಸುವಂತಿಲ್ಲ, ಗುತ್ತಿಗೆದಾರ ಅರ್ಧ ಮೊಟ್ಟೆ ಕದಿಯುವಂತಿಲ್ಲ! ಇದು ಸಣ್ಣ ಗುಣವಲ್ಲ. ಯಾದಗಿರಿಯ ಮಕ್ಕಳಿಗೆ ಮೊಟ್ಟೆ ಕೊಟ್ಟು, ಕೊಡದಿದ್ದ ಗದಗದ ಮಕ್ಕಳೊಂದಿಗೆ ಹೋಲಿಸಿ 2022ರಲ್ಲಿ ತೂಗಿ ನೋಡಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಆದರೂ ಅದೇ ವರ್ಷ ರಾಜ್ಯದ ಸಮಿತಿಯೊಂದು, ಮೊಟ್ಟೆ ಮಾಂಸ ದಿನವೂ ತಿಂದರೆ ಮಕ್ಕಳಿಗೆ ಬೊಜ್ಜಿನಂಥ ರೋಗ ಬರುತ್ತವೆಂಬರ್ಥದ ಮಾತನ್ನು ಶಿಕ್ಷಣ ನೀತಿಯ ಕಾಗದದಲ್ಲಿ ಬರೆಯಿತು. ಬೊಜ್ಜಿನ ಭಯವನ್ನು ಎಲುಬು ಎಣಿಸುವಂತಿರುವ ಮಕ್ಕಳ ಮುಂದೆ ಓದಿ ಹೇಳಲು ಆ ಸಮಿತಿಯವರು ಒಪ್ಪುತ್ತಿದ್ದರೇ?

ಮೊಟ್ಟೆ ಬೇಡವೆನ್ನುವ ಮನೆಯ ಮಗುವಿಗೆ ಒತ್ತಾಯ ಮಾಡಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಓದುಗರಲ್ಲಿಯೇ ಅಂಥ ಮನೆಗಳು ಬಹಳ ಇವೆ. ಅದು ಅವರ ನಂಬಿಕೆ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಆ ಮಗುವಿಗೆ ಕೊಡುತ್ತಿರುವುದೇನು? ಬಾಳೆಹಣ್ಣು; ಮೊದಲು ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು. ಬಾಳೆಹಣ್ಣಿನಲ್ಲಿ ಸಸಾರಜನಕ ಒಂದು ಗ್ರಾಂ ಆದರೆ ಹೆಚ್ಚು. ಚಿಕ್ಕಿ ಅದಕ್ಕಿಂತ ಎಷ್ಟೋ ಮೇಲು; ಆದರೆ ಎರಡರಲ್ಲೂ ಬಿ-12 ಇಲ್ಲ. ಅಂದರೆ ಸಸ್ಯಾಹಾರಿ ಮಗುವಿಗೆ ಯಾವುದು ಮನೆಯಲ್ಲಿ ಸಿಕ್ಕುವುದು ಕಷ್ಟವೋ ಅದನ್ನೇ ಶಾಲೆಯಲ್ಲೂ ತಪ್ಪಿಸಿದಂತಾಯಿತು. ಧರ್ಮದ ಹೆಸರಿನಲ್ಲಿ ಮೊಟ್ಟೆಯನ್ನು ವಿರೋಧಿಸಿದ ಹಿರಿಯರಲ್ಲಿ ಒಬ್ಬರಾದರೂ, ನಮ್ಮ ಮಕ್ಕಳಿಗೆ ಬಾಳೆಹಣ್ಣು ಸಾಲದು, ಹಾಲು ಮೊಸರು ಕೊಡಿ ಎಂದು ಹಟ ಹಿಡಿದದ್ದನ್ನು ನಾವು ಕೇಳಿಲ್ಲ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ 150 ಮಿಲಿಲೀಟರು ಹಾಲೆಂದು ನಿಯಮ. ಮೊಟ್ಟೆ ತಿನ್ನದ ಮಗುವಿಗೆ ಇದರ ಮೇಲೆ ಇನ್ನೊಂದು ಲೋಟ ಹಾಲನ್ನೋ ಒಂದು ಬಟ್ಟಲು ಗಟ್ಟಿ ಮೊಸರನ್ನೋ ಚಿಕ್ಕಿಯ ಜೊತೆಗೆ ಕೊಡಬೇಕೆಂಬುದು ನಮ್ಮ ಒತ್ತಾಯ. ಹಾಲು ಹಾಕುವ ರೈತನಿಗೂ ಅದರಿಂದ ನಾಲ್ಕು ಕಾಸು ದೊರೆತೀತು.

ಪ್ರತಿ ಶಾಲೆಯಲ್ಲೂ ಎಸ್.ಡಿ.ಎಂ.ಸಿ. ಇದೆ, ಅದರ ಸದಸ್ಯರು ತಂದೆತಾಯಿಗಳೇ. ಬೆಳಗಿನ ಪಾಳಿ ಮುಗಿಸಿದವರು, ಅಂಗಡಿಯನ್ನು ಒಂದು ಗಂಟೆ ಮಗನಿಗೆ ಒಪ್ಪಿಸಬಲ್ಲವರು ಮುಂದಿನ ಸಭೆಗೆ ಹೋಗಿ ಮೂರು ಲೆಕ್ಕ ಕೇಳಲಿ: ತಿಂಗಳಿಗೆ ಎಷ್ಟು ಮೊಟ್ಟೆ ಬಂತು, ಎಷ್ಟು ಮಕ್ಕಳ ಕೈ ಸೇರಿತು, ಹಾಲಿನ ಪುಡಿ ಎಷ್ಟು ಬಂತು, ಲೋಟಕ್ಕೆ ಎಷ್ಟು ಬಿತ್ತು, ಸಾರಿಗೆ ಬೇಳೆ ತೂಗಿ ಹಾಕುತ್ತಾರೋ ಅಂದಾಜಿನಲ್ಲೋ. ಬಂದ ಉತ್ತರವನ್ನು ಶಾಲೆಯ ಹೆಸರಿನೊಂದಿಗೆ ಒಂದು ಕಾರ್ಡಿನಲ್ಲಿ ಬರೆದು ಈ ಕಚೇರಿಗೆ ಕಳಿಸಿದರೆ ಅಚ್ಚು ಹಾಕುತ್ತೇವೆ.